ಆ ವರ್ಷ ಹಟ್ಟಿಗೆ ಬೆಂಕಿ ಇಟ್ಟವರು ಕುರಿಗಾರರಲ್ಲ

ಮಾಘ ಮಾಸದ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ನಾನು ಗಾಯರಾಣದ ಹೊಂಡದ ಪಡುವಣ ಏರಿಯ ಮೇಲೆ ನಿಂತಿದ್ದೆ. ಮೋಟಾರ್ ಸೈಕಲ್ಲನ್ನು ಏರಿಯ ಕೆಳಗೆ ಬನ್ನಿ ಗಿಡಕ್ಕೆ ಒರಗಿಸಿ ಬಂದಿದ್ದೆ. ಎಡಗೈಯಲ್ಲಿ ಔಷಧದ ಚೀಲವಿತ್ತು. ಸೂರ್ಯ ನನ್ನ ಬೆನ್ನ ಹಿಂದಿದ್ದ. ಆದ್ದರಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಎದುರಿಗೆ ತಳಮುಟ್ಟಿದ ಹೊಂಡ, ಅದರಾಚೆ ಇನ್ನೊಂದು ಏರಿ, ಏರಿಯ ಮೇಲ್ಗಡೆಯ ದಿಬ್ಬದಲ್ಲಿ ಜಾಲಿ ಮುಳ್ಳಿನ ಬೇಲಿ ಕಟ್ಟಿದ ಕುರಿಹಟ್ಟಿ. ನನಗೂ ಹಟ್ಟಿಗೂ ನಡುವೆ ಗಿಡ, ಗುಡಿಸಲು, ದನ, ಮನುಷ್ಯರು ಏನೂ ಅಡ್ಡ ಇರಲಿಲ್ಲ.

ಹಟ್ಟಿಯ ಪಕ್ಕ ಒಂದು ಬಿಳಿ ಜೀಪು ನಿಂತಿತ್ತು. ಅದರಿಂದ ಇಬ್ಬರು ಇಳಿದರು. ಒಬ್ಬ ಡಬ್ಬಿಯಿಂದ ಏನನ್ನೋ ಬೇಲಿಗೆ ಸುರಿಯುತ್ತ ಸುತ್ತು ಬಂದ. ಅದು ಡೀಸೆಲ್ಲೋ ಸೀಮೆಎಣ್ಣೆಯೋ ನನಗೆ ಗೊತ್ತಿಲ್ಲ. ಇನ್ನೊಬ್ಬ ಬಗ್ಗಿ ಎದ್ದ. ಆಮೇಲೆ ಬೆಂಕಿ ಕಂಡಿತು. ಒಣಗಿದ ಜಾಲಿ ಹೇಗೆ ಹತ್ತಿಕೊಳ್ಳುತ್ತದೆ ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಕೂಗಿದೆ. ಅವರು ನನ್ನ ಕಡೆ ತಿರುಗಿ ನೋಡಿದರು, ಜೀಪು ಹತ್ತಿದರು, ಹೋದರು. ಜೀಪಿನ ನಂಬರು ಅಷ್ಟು ದೂರದಿಂದ ಕಾಣಲಿಲ್ಲ. ಆದರೆ ಮಣ್ಣು ಬಡಿದ, ಹಿಂದಿನ ಬಾಗಿಲು ಸೊಟ್ಟಗಾದ ಆ ಜೀಪನ್ನು ನಾನು ಸೋಲಾರ್ ಕಂಪನಿಯ ತಗಡಿನ ಶೆಡ್ಡಿನ ಮುಂದೆ ಎಷ್ಟೋ ಸಲ ನೋಡಿದ್ದೆ. ಆ ಇಬ್ಬರ ಮುಖಗಳನ್ನು ಅದಕ್ಕಿಂತ ಮೊದಲು ನೋಡಿರಲಿಲ್ಲ. ನೋಡಿದ್ದೇನೆ ಎಂದು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಹಟ್ಟಿಯೊಳಗೆ ಗೂಟಕ್ಕೆ ಕಟ್ಟಿದ ಒಂದು ಕುಂಟ ಕುರಿ ಇತ್ತು. ಅದರ ಗೊರಸು ಕೊಳೆತಿತ್ತು. ಅದಕ್ಕೆ ಔಷಧ ಹಾಕಲೆಂದೇ ನಾನು ಆ ದಿನ ಅಲ್ಲಿಗೆ ಹೋಗಿದ್ದು. ಹೊಂಡ ಸುತ್ತಿ ಓಡಿ ಮುಟ್ಟುವ ಹೊತ್ತಿಗೆ ಅದು ಅರಚುವುದನ್ನು ನಿಲ್ಲಿಸಿತ್ತು.

ಬೆಂಕಿಯ ಮಾತು ಇಷ್ಟೇ ಆಗಿದ್ದರೆ ಪೊಲೀಸರಿಗೆ ಹೇಳಿ ಸುಮ್ಮನಾಗಬಹುದಿತ್ತು. ಮರುದಿನ ದೂರ ದೇಶದ ಒಂದು ಅಭಿವೃದ್ಧಿ ಬ್ಯಾಂಕಿನವರು ಆ ಜಾಗ ನೋಡಲು ಬರುವವರಿದ್ದರು. ಅವರು ನೋಡಬೇಕಿದ್ದದ್ದು ಒಂದೇ ವಿಷಯ: ಈ ನೆಲದ ಮೇಲೆ ಯಾರಾದರೂ ಬದುಕುತ್ತಿದ್ದಾರೋ, ಇಲ್ಲ ಇದು ಖಾಲಿ ಬಿದ್ದಿದೆಯೋ. ಖಾಲಿ ಎಂದರೆ ಕಂಪನಿಗೆ ಸಾಲ, ನೆಲದ ಮೇಲೆ ಸಾಲು ಸಾಲು ಗಾಜಿನ ಹಲಗೆ, ಸುತ್ತ ತಂತಿ. ಖಾಲಿಯಲ್ಲ ಎಂದರೆ ಮೊದಲು ಅಲ್ಲಿಯವರನ್ನು ಕೇಳಬೇಕು.

ನಾನು ಪಶುಸಂಗೋಪನೆ ಇಲಾಖೆಯ ನೌಕರ. ದನ ಕುರಿಗಳಿಗೆ ಸೂಜಿ ಹಾಕುವುದು, ಗಾಯ ತೊಳೆಯುವುದು, ಕಿವಿಗೆ ಓಲೆ ಹೊಡೆಯುವುದು ನನ್ನ ಕೆಲಸ. ಡಾಕ್ಟರಲ್ಲ. ಆದರೂ ಜನ ಡಾಕ್ಟರ್ರ ಎನ್ನುತ್ತಾರೆ. ಊರು ಚಿಕ್ಕೋಡಿ ತಾಲೂಕಿನ ಕರೋಶಿ. ನೌಕರಿ ಆಗ ಅಥಣಿಯ ಮೂಡಲಕ್ಕಿರುವ ಒಣ ಸೀಮೆಯಲ್ಲಿತ್ತು. ಕಾಗವಾಡ, ಶಿರಗುಪ್ಪಿಯ ಕಡೆ ಹೊಳೆ ನೀರು, ಎಲ್ಲಿ ನೋಡಿದರೂ ಕಬ್ಬು. ಇತ್ತ ಕಡೆ ಕಲ್ಲು, ಜಾಲಿ, ಮಳೆ ಬಿದ್ದರೆ ಮೊಣಕಾಲೆತ್ತರದ ಹುಲ್ಲು. ಸರ್ಕಾರಿ ಕಾಗದದಲ್ಲಿ ಗೋಮಾಳ ಎಂದಿರುವುದನ್ನು ನಾವು ಗಾಯರಾಣ ಎನ್ನುತ್ತೇವೆ. ಆ ಊರಿನ ಗಾಯರಾಣವನ್ನು ನಂಬಿ ಕೆಲವು ಕುರಿಗಾರ ಮನೆಗಳಿವೆ. ಅವರಲ್ಲಿ ಹಿರಿಯಳಾದ ಹೆಂಗಸನ್ನು ಎಲ್ಲರೂ ಆಯಿ ಎನ್ನುತ್ತಾರೆ. ಅಜ್ಜಿ ಎಂದು ಅರ್ಥ. ವಯಸ್ಸಾಗಿದ್ದರೂ ಕುರಿಯ ಹಿಂದೆ ನನಗಿಂತ ವೇಗವಾಗಿ ನಡೆಯುತ್ತಾಳೆ. ಗಂಡ ತೀರಿಕೊಂಡ ಮೇಲೆ ಹಿಂಡಿನ ಯಜಮಾನಿಕೆ ಅವಳದೇ. ಮಗ ಮತ್ತು ಸೊಸೆ ಅವಳ ಮಾತು ಮೀರುವುದಿಲ್ಲ. ಸೊಸೆ ಮೀರಿದರೂ ನಗುತ್ತ ಮೀರುತ್ತಾಳೆ.

ಅವರ ವರ್ಷ ಹೀಗೆ ನಡೆಯುತ್ತದೆ. ಮುಂಗಾರು ಬಿದ್ದಾಗಿನಿಂದ ದೀಪಾವಳಿಯವರೆಗೆ ಗಾಯರಾಣದಲ್ಲಿ ಮೇವು. ದೀಪಾವಳಿ ಮುಗಿದ ಮೇಲೆ ಹುಲ್ಲು ಒಣಗುತ್ತದೆ, ಹೊಂಡ ಇಳಿಯುತ್ತದೆ. ಆಗ ಹಿಂಡು ಕಟ್ಟಿಕೊಂಡು ಪಡುವಲಕ್ಕೆ, ಹೊಳೆಸಾಲಿನ ಹೊಲಗಳಿಗೆ ಇಳಿಯುತ್ತಾರೆ. ಅಲ್ಲಿ ರೈತರ ಹೊಲದಲ್ಲಿ ಕುರಿ ತರುಬುತ್ತಾರೆ. ಅಂದರೆ ರಾತ್ರಿ ಹಿಂಡನ್ನು ಹೊಲದಲ್ಲೇ ಕೂಡಿಹಾಕುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು. ಮತ್ತೆ ಮಳೆ ಬಂದಾಗ ಗಾಯರಾಣಕ್ಕೆ ಮರಳುತ್ತಾರೆ.

ಗಾಯರಾಣ ಬಿಡುವ ಮುಂಚೆ ಅವರು ಎರಡು ಕೆಲಸ ತಪ್ಪದೆ ಮಾಡುತ್ತಾರೆ. ಹಟ್ಟಿಯ ಹಿಕ್ಕಿಯನ್ನು ಒಂದು ಗೂಡೆಯಷ್ಟೂ ಉಳಿಸದೆ ಬಳಿದು ಹೊಲಕ್ಕೆ ಸಾಗಿಸುತ್ತಾರೆ. ಆಮೇಲೆ ಮುಳ್ಳಿನ ಬೇಲಿಗೆ ಬೆಂಕಿ ಇಡುತ್ತಾರೆ. ಬೇಲಿಯಲ್ಲಿ ಉಣ್ಣಿ ಸೇರಿಕೊಂಡಿರುತ್ತವೆ. ಸುಡದಿದ್ದರೆ ಮುಂದಿನ ಮಳೆಗಾಲದಲ್ಲಿ ಮರಿಗಳ ರಕ್ತ ಕುಡಿಯುತ್ತವೆ. ಹಳೆಯ ಹಟ್ಟಿಯನ್ನು ಹಾಗೇ ಬಿಟ್ಟು ಹೋಗುವುದು ಎಂಜಲು ತಾಟು ಬಿಟ್ಟು ಎದ್ದಹಾಗೆ ಎಂದು ಆಯಿ ಹೇಳುತ್ತಿದ್ದಳು. ಹಿಂಗಾರು ಗಾಳಿಗೆ ಬೂದಿಯೂ ಹಾರಿಹೋಗುತ್ತದೆ. ಕಾರ್ತಿಕ ಕಳೆದ ಮೇಲೆ ಅಲ್ಲಿಗೆ ಹೋದವರಿಗೆ ಬಯಲು ಬಿಟ್ಟು ಏನೂ ಕಾಣುವುದಿಲ್ಲ.

ಕಂಪನಿಯವರು ಅಳತೆಗೆ ಬಂದದ್ದು ಆ ಬಯಲಿಗೇ. ಚಳಿಗಾಲದಲ್ಲಿ ಬಂದರು, ನೋಡಿದರು, ಇಲ್ಲಿ ಯಾವ ಜಾನುವಾರೂ ಇಲ್ಲ, ಯಾರ ಬಳಕೆಯೂ ಇಲ್ಲ ಎಂದು ಬರೆದುಕೊಂಡರು. ಆಮೇಲೆ ಊರಿನ ಶಾಲೆಯಲ್ಲಿ ಸಭೆ ಕರೆದರು. ಸಭೆಗೆ ಬಂದವರು ಊರಲ್ಲಿದ್ದವರು. ಕುರಿಗಾರರು ಊರಲ್ಲಿರಲಿಲ್ಲ. ಆ ಸಭೆಯಲ್ಲಿ ನಾನೂ ಇರಲಿಲ್ಲ, ಕಾಲುಬಾಯಿ ಬೇನೆಯ ಸೂಜಿ ಹಾಕಲು ಬೇರೆ ಹಳ್ಳಿಗೆ ಹೋಗಿದ್ದೆ. ಅಲ್ಲಿ ಆದದ್ದನ್ನು ಪಂಚಾಯಿತಿ ಸಿಪಾಯಿ ಹೇಳಿದ. ಬೀದಿ ದೀಪ ಕೊಡುತ್ತಾರೆ, ಶಾಲೆಗೆ ಬಣ್ಣ ಹೊಡೆಸುತ್ತಾರೆ, ಹುಡುಗರಿಗೆ ಕಾವಲು ಕೆಲಸ ಸಿಗುತ್ತದೆ ಎಂದರಂತೆ. ಊರವರು ಆಗಲಿ ಎಂದರಂತೆ. ಅವರನ್ನು ನಾನು ಬೈಯುವುದಿಲ್ಲ. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಸಿಗದೆ, ಕತ್ತಲಲ್ಲಿ ಹಾವಿನ ನಡುವೆ ನೀರು ಬಿಡುವವರಿಗೆ ಬಿಸಿಲಿನಿಂದ ಕರೆಂಟು ಎಂದರೆ ಯಾಕೆ ಬೇಡ ಎನ್ನಿಸಬೇಕು? ನನಗೂ ಬೇಡ ಎನ್ನಿಸಲಿಲ್ಲ. ಬಿಸಿಲಿಗೆ ನನ್ನ ತಕರಾರಿಲ್ಲ.

ಮಳೆ ಬಂದಾಗ ಹಿಂಡು ಮರಳಿತು. ಗಾಯರಾಣದ ತುಂಬ ಸುಣ್ಣ ಬಳಿದ ಗಡಿಗಲ್ಲುಗಳು ನೆಟ್ಟಿದ್ದವು. ಆಯಿ ಒಂದು ದಿನ ಸುಮ್ಮನೆ ಅವುಗಳ ನಡುವೆ ತಿರುಗಾಡಿದಳಂತೆ. ಮರುದಿನ ನಾನು ಸೂಜಿ ಹಾಕಲು ಹೋದಾಗ ಒಂದೊಂದು ಕಲ್ಲಿಗೆ ಒಂದೊಂದು ಆಡು ಕಟ್ಟಿದ್ದಳು.

"ಗೂಟ ಹೊಡಿಯೂ ಕೆಲಸ ಉಳೀತ್ರಿ ಡಾಕ್ಟರ್ರ," ಎಂದಳು. "ಕಂಪನಿಯವ್ರು ಪುಣ್ಯವಂತ್ರು."

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಪರವಾಗಿ ಓಡಾಡುವ ಒಬ್ಬ ವಕೀಲೆಯ ಬಳಿಗೆ ಸೊಸೆಯ ತವರಿನವರು ಆಯಿಯ ಮನೆಯವರನ್ನು ಕರೆದೊಯ್ದರು. ಕಂಪನಿಯ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಸಿದವರು ಆ ವಕೀಲೆ. ಸಾಲ ಕೊಡುವ ಬ್ಯಾಂಕಿಗೆ ತನ್ನದೇ ಒಂದು ನಿಯಮವಿದೆ, ನೆಲದ ಮೇಲೆ ಬದುಕುವವರನ್ನು ಕೇಳದೆ ಅದು ಹಣ ಬಿಡುವಂತಿಲ್ಲ, ಕೇಳದಿದ್ದರೆ ದೂರು ಕೊಡಬಹುದು, ದೂರು ಕೇಳಲು ಬ್ಯಾಂಕಿನಲ್ಲೇ ಬೇರೆ ಜನ ಇದ್ದಾರೆ ಎಂದು ಅವರು ಬಿಡಿಸಿ ಹೇಳಿದರು. ಆಯಿಗೆ ಇದು ನಂಬಲು ಕಷ್ಟವಾಯಿತು. ಸಾಲ ಕೊಡುವವನು ಸಾಲ ತಗೊಳ್ಳುವವನ ಮನೆಯ ಕುರಿಯನ್ನು ಕೇಳುತ್ತಾನೆಯೇ ಎಂದಳು. ಆದರೂ ದೂರು ಹೋಯಿತು.

ಆ ವರ್ಷದ ದೀಪಾವಳಿಗೆ ಆಯಿ ನನಗೆ ಹೇಳಿಕಳಿಸಿದಳು. ಹೋದೆ. ಹಿಂಡು ಹೊರಡಲು ತಯಾರಾಗಿತ್ತು. ಹಿಕ್ಕಿ ಬಳಿದಿರಲಿಲ್ಲ. ಬೇಲಿ ನಿಂತೇ ಇತ್ತು.

"ಈ ಸಲ ಸುಡೂದಿಲ್ಲ ಅಂತ ಮಾಡೀನಿ," ಎಂದಳು. "ಉಣ್ಣಿ ಆಗ್ತಾವೇನ್ರಿ?"

"ಆಗ್ತಾವ ಆಯಿ."

"ಭಾಳ?"

"ಭಾಳ ಆಗ್ತಾವ. ಮರಿ ಸಾಯಬಹುದು."

ಅವಳು ಬೇಲಿಯ ಕಡೆ ನೋಡುತ್ತ ನಿಂತಳು. ಮಗ ಏನೋ ಹೇಳಲು ಹೋದ. ಅವನನ್ನು ಕೈಸನ್ನೆಯಿಂದ ತಡೆದಳು.

"ಔಷಧ ನೀವು ಹಾಕ್ರಿ," ಎಂದಳು. "ನಾ ಸ್ವಚ್ಛ ಮಾಡಿ ಹೋದದ್ದಕ್ಕ ನಾ ಇಲ್ಲೇ ಇಲ್ಲ ಅಂದ್ರು. ಇನ್ ಹೊಲಸ ಬಿಟ್ಟ ಹೋಗ್ತೀನಿ. ನೋಡ್ಲಿ."

ತಲೆಮಾರಿನಿಂದ ಬಂದ ಪದ್ಧತಿಯನ್ನು ಅವಳು ಹೀಗೆ ಮುರಿದಳು. ಕಷ್ಟಪಟ್ಟೇ ಮುರಿದಳು, ನಾನು ನೋಡಿದ್ದೇನೆ. ದೂರ ನಡೆಯಲಾರದ ಕೆಲವು ಕುರಿ ಮತ್ತು ಆಡುಗಳೊಂದಿಗೆ ಸೊಸೆಯನ್ನು ಹಟ್ಟಿಯಲ್ಲೇ ಬಿಟ್ಟು ಉಳಿದ ಹಿಂಡು ಪಡುವಲಕ್ಕೆ ಹೊರಟಿತು. ಕಂಪನಿಯ ಜಮೀನಿನ ವಹಿವಾಟು ನೋಡುವ ಅಧಿಕಾರಿ ಎರಡು ಮೂರು ಸಲ ಬಂದು, ಬೇಲಿ ಕೀಳಿರಿ, ಇಲ್ಲಿ ಕೆಲಸ ಶುರುವಾಗುತ್ತದೆ ಎಂದು ಸೊಸೆಗೆ ಹೇಳಿಹೋದ. ಅವನೂ ಈ ಸೀಮೆಯವನೇ. ಮಾತು ಮೃದು. ಬಂದಾಗಲೆಲ್ಲ ನೀರು ಕೇಳಿ ಕುಡಿಯುತ್ತಿದ್ದ. ಸೊಸೆಯೂ ಕೊಡುತ್ತಿದ್ದಳು.

ಬ್ಯಾಂಕಿನ ದೂರು ವಿಭಾಗದವರು ಮಾಘದಲ್ಲಿ ಬರುತ್ತಾರೆ ಎಂದು ವಕೀಲೆ ಫೋನ್ ಮಾಡಿದರು. ಮರಿಗಳಿಗೆ ಭೇದಿ ಹತ್ತಿದೆ ಎಂದು ಮಗ ಕರೆದಿದ್ದರಿಂದ ಅವರು ಬರುವ ಬುಧವಾರದ ಹಿಂದಿನ ಭಾನುವಾರ ನಾನು ಶಿರಗುಪ್ಪಿಯ ಬಳಿ ಹಿಂಡು ಇದ್ದ ಹೊಲದಲ್ಲೇ ಇದ್ದೆ. ಹೊಲದ ಮಾಲೀಕ ಜೈನ ರೈತ. ಕಬ್ಬು ಕಡಿಸಿ, ಮುಂದಿನ ನಾಟಿಗೆ ಮುಂಚೆ ಹೊಲ ಹದ ಮಾಡಲು ಕುರಿ ತರುಬಿಸಿದ್ದರು. ಕೊಟ್ಟ ಮಾತಿನಷ್ಟು ರಾತ್ರಿ ಇನ್ನೂ ಮುಗಿದಿರಲಿಲ್ಲ. ನಡುವೆ ಹಿಂಡು ಎಬ್ಬಿಸುವುದು ದೊಡ್ಡ ತಪ್ಪು. ಹಾಗೆ ಮಾಡಿದ ಕುರಿಗಾರನನ್ನು ಮರುವರ್ಷ ಯಾರೂ ಕರೆಯುವುದಿಲ್ಲ. ಬ್ಯಾಂಕಿನವರು ಬರುವುದರೊಳಗೆ ಹಿಂಡು ಗಾಯರಾಣ ಮುಟ್ಟಬೇಕು ಎಂದು ಆಯಿ ಹೋಗಿ ಹೇಳಿದಾಗ ಅವರು ಸಂಜೆಯ ಊಟಕ್ಕೆ ಕೈ ತೊಳೆಯುತ್ತಿದ್ದರು. ಹೊತ್ತು ಮುಳುಗುವ ಮೊದಲು ಉಣ್ಣುವುದು ಅವರ ನೇಮ. ಆ ನೇಮಕ್ಕೆ ಯಾರೂ ಅಡ್ಡ ಬರುವುದಿಲ್ಲ. ಆಯಿ ಬಂದಳು.

"ಅರ್ಧಾ ಹೊಲಾ ತರುಬಿ, ಅರ್ಧಾ ಬಿಟ್ಟ ಹೊಂಟಿ ಏನ್ ಬೇ?" ಎಂದರು ಅವರು. "ಅರ್ಧಾ ಕಬ್ಬ ಉದ್ದ, ಅರ್ಧಾ ಕಬ್ಬ ಗಿಡ್ಡ ಬೆಳೀಲೇನು?"

"ಬೆಳೀಲ್ರಿ ಸಾವಕಾರ್ರ. ಗಿಡ್ಡ ಬೆಳೆದದ್ದು ನನ್ನ ಹೆಸರಿಗೆ ಇರ್ಲಿ."

"ಯಾಂವರ ಫಾರಿನ್ನಿನ್ಯಾಂವ ಬರ್ತಾನಂತ ಕುರಿ ಕಟಗೊಂಡ ಓಡ್ತಿ. ಮೇವಿಲ್ಲ ಅಲ್ಲಿ, ನೀರಿಲ್ಲ. ಏನ್ ತೋರಿಸ್ತಿ ಅವಂಗ?"

"ನನ್ನ ತೋರಿಸ್ತೀನ್ರಿ."

ಅವರು ಒಳಗೆ ಹೋಗಿ ಉಂಡು ಬಂದರು. ಬಂದವರೇ ಎಳೆ ಮರಿಗಳನ್ನು ಒಯ್ಯಲು ತಮ್ಮ ಟೆಂಪೊ ಕೊಡುವುದಾಗಿಯೂ, ಉಳಿದ ಅರ್ಧ ಹೊಲವನ್ನು ತಿರುಗಿ ಬಂದು ಮುಗಿಸಬೇಕೆಂದೂ, ಬರದಿದ್ದರೆ ತಾವೇ ಗಾಯರಾಣಕ್ಕೆ ಬಂದು ಕೂಡುವುದಾಗಿಯೂ ಹೇಳಿದರು. ಕೊನೆಯದನ್ನು ಅವರು ಬೈಗುಳದ ದನಿಯಲ್ಲಿ ಹೇಳಿದ್ದರಿಂದ ಆಯಿಗೆ ನಗು ಬಂತು.

ಹಿಂಡು ಕಾಗವಾಡ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ರಸ್ತೆಯ ಅಂಚಿನಲ್ಲಿ ನಡೆದು ಬಂದದ್ದನ್ನು ನಾನು ನೋಡಿಲ್ಲ. ಅದು ನಡೆದು ಬರುತ್ತಿದ್ದಾಗಲೇ, ಮಂಗಳವಾರ ಮಧ್ಯಾಹ್ನ, ನಾನು ಮೊದಲು ಹೇಳಿದ ಬೆಂಕಿ ಬಿತ್ತು. ಸೊಸೆ ಆಗ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ನೀರಿಗೆ ಊರೊಳಗೆ ಹೋಗಿದ್ದಳು. ಆಡುಗಳೂ ಉಳಿದ ಕುರಿಗಳೂ ಬಯಲಲ್ಲಿ ಮೇಯುತ್ತಿದ್ದವು. ಒಳಗಿದ್ದದ್ದು ಆ ಒಂದು ಕುಂಟ ಕುರಿ. ಹೊಗೆ ನೋಡಿ ಅವಳು ಓಡಿಬಂದಳು. ನಾವಿಬ್ಬರೂ ಒದ್ದೆ ಗೋಣಿಚೀಲದಿಂದ ಬಡಿದೆವು. ಉಳಿಸಲು ಏನೂ ಇರಲಿಲ್ಲ. ಫೋನಿನಲ್ಲಿ ಫೋಟೊ ಯಾಕೆ ತೆಗೆಯಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ತೆಗೆದೆ. ಆ ಚಿತ್ರದಲ್ಲಿ ಹೊಗೆ ಬಿಟ್ಟು ಏನೂ ಇಲ್ಲ. ಠಾಣೆಗೂ ಫೋನ್ ಮಾಡಿದೆ. ಬಂದು ನೋಡುತ್ತೇವೆ ಎಂದರು.

ಹೊತ್ತು ಮುಳುಗುವಾಗ ಹಿಂಡು ಬಂತು. ಸುಟ್ಟ ವಾಸನೆಗೆ ಕುರಿಗಳು ದಿಬ್ಬ ಹತ್ತಲಿಲ್ಲ. ಮುಂದಿನವು ಹಿಂದಕ್ಕೆ ನುಗ್ಗಿ, ಹಿಂದಿನವು ಮುಂದಕ್ಕೆ ನುಗ್ಗಿ, ಇಡೀ ಹಿಂಡು ಒಂದೇ ಕಡೆ ಸುತ್ತತೊಡಗಿತು. ಆಯಿ ಬೂದಿಯೊಳಗೆ ನಡೆದುಹೋಗಿ ಕುರಿಯ ಹತ್ತಿರ ಕೂತಳು. ಅಳಲಿಲ್ಲ. ನಾನು ಕಂಡದ್ದನ್ನೆಲ್ಲ ಅವಳಿಗೆ ಹೇಳಿದೆ. ಇದನ್ನು ಮುಟ್ಟಬೇಡ, ನಾಳೆ ಬರುವವರು ಇದ್ದದ್ದು ಇದ್ದಹಾಗೆ ನೋಡಲಿ ಎಂದೆ. ಹೂಂ ಎಂದಳು.

ಬುಧವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ಹೋದಾಗ ಅಲ್ಲಿ ಕುರಿ ಇರಲಿಲ್ಲ. ಬೂದಿಯೂ ಇರಲಿಲ್ಲ. ದಿಬ್ಬವನ್ನು ಗುಡಿಸಿ, ಸಗಣಿ ನೀರು ಚಿಮುಕಿಸಿ, ಸೊಸೆ ಒಂದು ಎಳೆ ರಂಗೋಲಿಯನ್ನೂ ಹಾಕಿದ್ದಳು. ಕಂಬಳಿ ಹಾಸಿತ್ತು. ಮೂರು ಕಲ್ಲಿನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

ಆಯಿ ನನ್ನ ಮುಖ ನೋಡಿ ತಾನೇ ಹೇಳಿದಳು. ಬೆಂಕಿಗೆ ಸತ್ತ ಕುರಿಯನ್ನು ಅವರು ತಿನ್ನುವುದಿಲ್ಲ, ಮಾರುವುದಿಲ್ಲ. ಹಿಂಡು ಏಳುವ ಮೊದಲು ದೇವರ ಭಂಡಾರ, ಅಂದರೆ ಅರಿಶಿನ ಪುಡಿ, ಹಾಕಿ ಹೂಳಬೇಕು. ಹೂಳುವವರೆಗೆ ಹಿಂಡು ಆ ನೆಲದ ಮೇಲೆ ಕೂಡುವುದಿಲ್ಲ. ಇನ್ನು ಬೂದಿ. ದೂರದಿಂದ ಜನ ಬರುವಾಗ ಸುಟ್ಟ ಅಂಗಳದಲ್ಲಿ ಕೂಡಿಸುವುದು ಹೇಗೆ?

ಕಾರುಗಳು ಬಂದವು. ಬ್ಯಾಂಕಿನ ಕಡೆಯಿಂದ ಬಂದವಳು ಎತ್ತರದ, ಬಿಸಿಲಿಗೆ ಮುಖ ಕೆಂಪಾಗಿದ್ದ ಹೆಂಗಸು. ಅವಳ ಜೊತೆ ಪುಣೆಯಿಂದ ಬಂದ ದುಭಾಷಿ. ಅವನು ಮರಾಠಿಯಲ್ಲಿ ಕೇಳುತ್ತಿದ್ದ, ಕನ್ನಡ ಆಡಿದರೆ ಅವನಿಗೆ ತಿಳಿಯುತ್ತಿತ್ತು. ಆಯಿಗೆ ಮರಾಠಿ ಕನ್ನಡದಷ್ಟೇ ಚೆನ್ನಾಗಿ ಬರುತ್ತದೆ. ಕಂಪನಿಯ ಅಧಿಕಾರಿ ಛತ್ರಿ ಹಿಡಿದು ಹಿಂದೆ ನಿಂತ. ವಕೀಲೆ ಆಯಿಯ ಪಕ್ಕ ಕೂತರು. ಆ ಹೆಂಗಸು ಕಂಬಳಿಯ ಮೇಲೆ ಕೂತು ಚಹಾ ಕುಡಿದಳು, ಹಿಂಡನ್ನು ನೋಡಿದಳು, ಇವು ಎಷ್ಟು ಕಾಲದಿಂದ ಇಲ್ಲಿವೆ ಎಂದು ವಿಚಾರಿಸಿದಳು. ಅಧಿಕಾರಿ ನಡುವೆ ಬಾಯಿ ಹಾಕಿ, ನಿನ್ನೆ ಸಂಜೆ ಶಿರಗುಪ್ಪಿಯಿಂದ ತಂದ ಕುರಿಗಳು, ಬೇಕಾದರೆ ಕೇಳಿ ಎಂದ. ಕೇಳಿದರು. ಹೌದು ಎಂದಳು ಆಯಿ. ಅದು ನಿಜವೇ ಆಗಿತ್ತು.

ಹಟ್ಟಿಯ ಬೇಲಿ ಎಲ್ಲಿ ಎಂದು ಆ ಹೆಂಗಸು ಕೇಳಿದಳು. ದೂರಿನಲ್ಲಿ ಬೇಲಿಯ ಮಾತಿತ್ತು. ನಿನ್ನೆ ಸುಟ್ಟರು ಎಂದಳು ಆಯಿ.

ಅಧಿಕಾರಿ ಮೃದುವಾಗಿಯೇ ಹೇಳಿದ. "ಮ್ಯಾಡಮ್, ಬೇಲಿ ಸುಡೂದು ಇವರ ಪದ್ಧತಿ. ವರ್ಷಾ ಇವರ ಸುಡ್ತಾರ. ಉಣ್ಣಿ ಆಗ್ತಾವಂತ. ಇದರಾಗ ಕಂಪನಿದ್ದು ಏನೈತ್ರಿ?"

ದುಭಾಷಿ ಅದನ್ನು ತಿಳಿಸಿದ. ಆ ಹೆಂಗಸು ಆಯಿಯ ಕಡೆ ತಿರುಗಿದಳು. ನೀವು ಪ್ರತಿ ವರ್ಷ ಸುಡುವುದು ನಿಜವೇ ಎಂದು ಕೇಳಿಸಿದಳು.

ಬೇರೆ ಯಾರಾದರೂ ಇದ್ದಿದ್ದರೆ ಆ ಪ್ರಶ್ನೆಯ ಹಿಂದಿನ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಆಯಿಯ ಹಣೆಯ ಮೇಲೆ ಬೆಳಗಿನ ಭಂಡಾರದ ಹಳದಿ ಇನ್ನೂ ಇತ್ತು. ಭಂಡಾರ ಹಚ್ಚಿಕೊಂಡ ದಿನ ಕುರಿಗಾರರು ಕೇಳಿದ್ದಕ್ಕೆ ಕೇಳಿದಷ್ಟೇ ನಿಜ ಹೇಳುತ್ತಾರೆ.

"ಹೌದ್ರಿ," ಎಂದಳು. "ವರ್ಷಾ ಸುಡತೀವಿ."

ದುಭಾಷಿ ಬರೆದುಕೊಂಡ. ವಕೀಲೆ ಕಣ್ಣು ಮುಚ್ಚಿದರು. ಆಮೇಲೆ ಆಯಿ, ಈ ವರ್ಷ ನಾವು ಸುಟ್ಟಿಲ್ಲ ಎಂದು ಸೇರಿಸಿದಳು, ಒಳಗೆ ಕುರಿ ಇತ್ತು ಎಂದಳು. ಎಲ್ಲಿದೆ ಕುರಿ ಎಂದರು. ಹೂತಿದ್ದೇವೆ ಎಂದಳು. ತೆಗೆದು ತೋರಿಸಬಹುದೇ ಎಂದು ಆ ಹೆಂಗಸು ಬಹಳ ಸಂಕೋಚದಿಂದ ಕೇಳಿದಳು. ಕೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ.

"ಇಲ್ರಿ," ಎಂದಳು ಆಯಿ. "ಮಣ್ಣ ಕೊಟ್ಟಿದ್ದು ಮತ್ತ ತಗಿಯೂದಿಲ್ಲ. ಅದನ್ನ ತಗದ ಮ್ಯಾಲ ಈ ನೆಲಾ ಉಳಿಬೇಕಂದ್ರ, ಆ ನೆಲದಾಗ ನಾ ಕುರಿ ಹೆಂಗ ಕೂಡ್ರಿಸ್ಲಿ?"

ಅಧಿಕಾರಿ ನಕ್ಕ. ದೊಡ್ಡದಾಗಿ ಅಲ್ಲ.

ಆಗ ನಾನು ಕಂಬಳಿಯ ಅಂಚಿಗೆ ಬಂದು ನಿಂತು ಮಾತಾಡಿದೆ. ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಿಗೆ, ಏನು ಕಂಡೆ ಎಂದು ಹೇಳಿದೆ. ಕಾಣದ್ದನ್ನು ಕಾಣಲಿಲ್ಲ ಎಂದೆ. ಪ್ರತಿ ಆಷಾಢದಲ್ಲಿ ಇದೇ ಹಿಂಡಿಗೆ ಇದೇ ದಿಬ್ಬದ ಮೇಲೆ ಸೂಜಿ ಹಾಕಿದವನು ನಾನು ಎಂದೆ. ತಮ್ಮ ಹಟ್ಟಿಗೆ ಬೆಂಕಿ ಇಡುವವರು ತಮ್ಮದೇ ಕುರಿಯನ್ನು ಒಳಗೆ ಕಟ್ಟಿ ಬೆಂಕಿ ಇಡುತ್ತಾರೆಯೇ ಎಂದು ಕೇಳಿದೆ.

"ನೀವು ಸರ್ಕಾರಿ ನೌಕರರು," ಎಂದ ಅಧಿಕಾರಿ. "ನಿಮ್ಮನ್ನ ಯಾರ್ ಕರದಾರಿಲ್ಲಿ?"

"ಕುರಿ ಕರದಿತ್ರಿ," ಎಂದೆ. "ಕಾಲಿಗೆ ಔಷಧ ಹಾಕಾಕ ಬಂದಿದ್ನಿ."

ಆ ಹೆಂಗಸು ನನ್ನ ಮಾತನ್ನು ಎರಡು ಸಲ ಹೇಳಿಸಿ ಬರೆದುಕೊಂಡಳು. ಆಮೇಲೆ, ಜಾಗ ಹೋದರೂ ನಿಮಗೆ ಬೇರೆ ಬದುಕು ಮಾಡಿಕೊಡುವ ವ್ಯವಸ್ಥೆ ಬ್ಯಾಂಕಿನಲ್ಲಿದೆ ಎಂದು ವಿವರಿಸಿದಳು. ಕೊಟ್ಟಿಗೆ ಕಟ್ಟಿಕೊಡಬಹುದು. ಮೇವು ಕೊಡಬಹುದು. ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಟ್ಟು ಕಲಿಸಬಹುದು. ಅವಳ ಮುಖದಲ್ಲಿ ಕೆಟ್ಟತನವಿರಲಿಲ್ಲ. ಎಲ್ಲ ಊರಿನಲ್ಲೂ ಹೇಳುವ ಮಾತನ್ನು ಇಲ್ಲೂ ಹೇಳುತ್ತಿದ್ದಳು. ಸೊಸೆ ಅದುವರೆಗೆ ಬಾಯಿ ತೆರೆದಿರಲಿಲ್ಲ.

"ಕುರಿಗೆ ಅಂಗಿ ಹೊಲೀಲೇನ್ರಿ?" ಎಂದಳು.

ದುಭಾಷಿಗೆ ನಗು ತಡೆಯಲಾಗಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಹೆಂಗಸು ನಗಲಿಲ್ಲ, ಪೆನ್ನನ್ನು ಮುಚ್ಚಿದಳು. ಅದಾದ ಮೇಲೆ ಯಂತ್ರದ ಮಾತು ಬರಲಿಲ್ಲ.

ಅವರು ಹೋದ ಮೇಲೆ ಮಗ ಮತ್ತು ಸೊಸೆ ಹೊಸ ಜಾಲಿ ಕಡಿದು ತಂದರು. ಸಂಜೆಯೊಳಗೆ ಅದೇ ದಿಬ್ಬದ ಮೇಲೆ ಬೇಲಿ ಎದ್ದಿತು. ಶಿರಗುಪ್ಪಿಯ ಅರ್ಧ ಹೊಲ ಮುಗಿಸಲು ಮಗ ಹಿಂಡಿನ ಒಂದು ಪಾಲು ಒಯ್ದ. ಆಯಿ ಮಾತ್ರ ಹೋಗಲಿಲ್ಲ. ಆ ಬೇಸಿಗೆ ಪೂರ್ತಿ ಅವಳು ಗಾಯರಾಣದಲ್ಲಿದ್ದಳು. ನೀರನ್ನು ಕೊಡದಲ್ಲಿ, ಮೇವನ್ನು ಬಂಡಿಯಲ್ಲಿ ತರಿಸಿಕೊಂಡು, ಹುಟ್ಟಿದಂದಿನಿಂದ ಮಾಡದಿದ್ದ ಕೆಲಸವನ್ನು ಮಾಡಿದಳು. ಹೊಸ ಬೇಲಿ ಸುಡದೆ ಒಂದೇ ಕಡೆ ಕೂತದ್ದಕ್ಕೆ ಮಳೆಗಾಲದಲ್ಲಿ ಉಣ್ಣಿ ಬಿದ್ದವು, ನಾನು ಹೇಳಿದ್ದಕ್ಕಿಂತ ಹೆಚ್ಚು. ಕೆಲವು ಮರಿಗಳು ಸತ್ತವು. ಆ ಬೆಲೆಯನ್ನು ನಾನಿಲ್ಲಿ ಚಿಕ್ಕದು ಮಾಡಿ ಹೇಳಲಾರೆ.

ನನ್ನಿಂದ ಇಲಾಖೆ ವಿವರಣೆ ಕೇಳಿತು, ಕೊಟ್ಟೆ. ರಾಯಬಾಗ ತಾಲೂಕಿನ ಅಲಖನೂರ ಕಡೆಗೆ ವರ್ಗ ಮಾಡಿತು, ಹೋದೆ. ಅಲ್ಲಿಯೂ ಕುರಿಗಳಿವೆ. ಮಾತು ವಾಪಸ್ ತಗೋ ಎಂದು ನೆರೆಯ ಊರಿನ ಇಬ್ಬರು ಹಿರಿಯರು ಮನೆಗೆ ಬಂದು ಹೇಳಿದರು. ನಾನು ಆಡಿದ ಮಾತಿನಲ್ಲಿ ಯಾವುದು ಸುಳ್ಳು ತೋರಿಸಿರಿ, ಅಷ್ಟನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅವರು ಚಹಾ ಕುಡಿದು ಹೋದರು.

ಸಾಲದ ಮುಂದಿನ ಕಂತನ್ನು ಬ್ಯಾಂಕು ತಡೆಹಿಡಿದಿದೆ ಎಂದು ವಕೀಲೆ ಹೇಳುತ್ತಾರೆ. ಗಾಯರಾಣದ ಬಡಗಣ ಭಾಗಕ್ಕೆ ತಂತಿ ಬಿದ್ದಿದೆ, ಹಲಗೆಗಳು ನಿಂತಿವೆ, ಮಧ್ಯಾಹ್ನದಲ್ಲಿ ಅತ್ತ ನೋಡಲಾಗುವುದಿಲ್ಲ. ಹೊಂಡ ಮತ್ತು ದಿಬ್ಬ ಇರುವ ತೆಂಕಣ ಭಾಗ ಇನ್ನೂ ಬಯಲಾಗಿಯೇ ಇದೆ. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಇನ್ನೊಂದು ತಂಡ ಬರಲಿದೆ. ಬೆಂಕಿ ಕುರಿಗಾರರೇ ಇಟ್ಟದ್ದು, ಅದು ಅವರ ಪದ್ಧತಿ, ಬೇರೆ ಹೇಳುವವನು ಒಬ್ಬನೇ ಒಬ್ಬ ನೌಕರ, ಅವನೂ ಈಗ ಅಲ್ಲಿಲ್ಲ ಎಂದು ಕಂಪನಿ ಆ ತಂಡಕ್ಕೆ ಹೇಳಿದೆಯಂತೆ.

ಒಬ್ಬನೇ ಅಲ್ಲ. ಮಾಘ ಮಾಸದ ಆ ಮಂಗಳವಾರ ಬೆಂಕಿ ಇಟ್ಟದ್ದನ್ನು, ಇಲ್ಲವೇ ಇಟ್ಟವರು ಹೋದದ್ದನ್ನು ಕಣ್ಣಾರೆ ಕಂಡು ಇಂದಿಗೂ ಬದುಕಿರುವವರು ಇವರು. ಹೆಸರು ಬರೆಯುವುದಿಲ್ಲ. ಕೇಳಲು ಬರುವವರಿಗೆ ಮನೆ ತೋರಿಸುತ್ತೇನೆ. ಹೊಂಡದ ತೆಂಕಣ ಬದಿಯಲ್ಲಿ ಸೌದೆಗೆ ಜಾಲಿ ಕಡಿಯುತ್ತಿದ್ದ, ಬುದ್ಧವಿಹಾರದ ಓಣಿಯ ಹೆಂಗಸು. ಡಬ್ಬಿ ಹಿಡಿದವನನ್ನು ಆಕೆ ನನಗಿಂತ ಹತ್ತಿರದಿಂದ ನೋಡಿದ್ದಾಳೆ, ಅವನ ಕೊರಳಲ್ಲಿ ಕೆಂಪು ಟವೆಲ್ ಇತ್ತು ಎನ್ನುತ್ತಾಳೆ. ಆ ದಿನ ಅವಳ ಜೊತೆಗಿದ್ದ ಅಕ್ಕನ ಮಗಳು, ಈಗ ಮದುವೆಯಾಗಿ ಚಿಕ್ಕೋಡಿಯಲ್ಲಿದ್ದಾಳೆ. ಆಚೆ ರಸ್ತೆಯಲ್ಲಿ ಟೈರು ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಚಾಲಕ, ಕಾಗವಾಡದವನು. ಜೀಪು ಅವನ ಮೈಮೇಲೆ ಧೂಳೆಬ್ಬಿಸಿ ದಾಟಿತು. ಹೊಗೆ ಕಂಡು ಕೊಡ ಬಿಸಾಕಿ ಬಂದು, ಜೀಪಿನ ಬೆನ್ನು ನೋಡಿದ ಸೊಸೆ. ಮತ್ತೆ ಪಡುವಣ ಏರಿಯ ಮೇಲಿದ್ದ ನಾನು.